ಹಿಮದ ಹುಡುಗಿಯನ್ನು ನಮ್ಮ ಓದುಕೂಟದಲ್ಲಿ ಓದಿದ್ದು ಹೀಗೆ

ಓದುಕೂಟಕ್ಕೆ ಪುಸ್ತಕ ಆರಿಸುವ ಸರದಿ ನನ್ನದಾದಾಗ ಇಯೋವಿನ್ ಐವಿ ಅವರ ‘ದಿ ಸ್ನೋ ಚೈಲ್ಡ್’ ಹೇಳಿದೆ. 2012ರ ಕಾದಂಬರಿ, ಕಥೆ ನಡೆಯುವುದು 1920ರ ಅಲಾಸ್ಕದಲ್ಲಿ. ಪೆನ್ಸಿಲ್ವೇನಿಯ ಬಿಟ್ಟು ಬಂದ ಜ್ಯಾಕ್ ಮತ್ತು ಮೇಬಲ್ ಕಾಡು ಕಡಿದು ಹೊಲ ಮಾಡುತ್ತಿದ್ದಾರೆ. ಇಬ್ಬರಿಗೂ ಐವತ್ತರ ಆಸುಪಾಸು. ಆಗಿದ್ದ ಒಂದು ಮಗು ಹುಟ್ಟುವಾಗಲೇ ಹೋಗಿತ್ತು. ಮೊದಲ ಹಿಮ ಬಿದ್ದ ರಾತ್ರಿ ಇಬ್ಬರೂ ಹಿಮದಲ್ಲೊಂದು ಪುಟ್ಟ ಹುಡುಗಿಯನ್ನು ಮಾಡುತ್ತಾರೆ. ಬೆಳಗ್ಗೆ ನೋಡಿದರೆ ಅದಕ್ಕೆ ತೊಡಿಸಿದ್ದ ಕೈಗವಸು ಇಲ್ಲ. ಪುಟ್ಟ ಹೆಜ್ಜೆಗಳು ಕಾಡಿನ ಕಡೆಗೆ ಹೋಗಿವೆ.

ಪುಸ್ತಕ ಹಂಚುವ ಮೊದಲೇ ಇದರ ಹಿಂದಿರುವ ರಷ್ಯಾದ ಜನಪದ ಕಥೆಯನ್ನು ಕೊನೆಯವರೆಗೂ ಹೇಳಿಬಿಟ್ಟೆ: ಮಕ್ಕಳಿಲ್ಲದ ಮುದುಕ ಮುದುಕಿ ಹಿಮದಲ್ಲಿ ಮಾಡಿದ ಹುಡುಗಿಗೆ ಜೀವ ಬರುತ್ತದೆ, ಕೊನೆಗೆ ಅವಳು ಕರಗಿ ಹೋಗುತ್ತಾಳೆ. ‘ಸಸ್ಪೆನ್ಸ್ ಹಾಳು ಮಾಡಿದ್ರಲ್ಲಾ’ ಅಂತ ಬೈಗುಳ ಬಿತ್ತು. ಆದರೆ ಆ ಕಥೆ ಮೇಬಲ್‌ಗೂ ಗೊತ್ತು, ಅವಳ ಒಡಹುಟ್ಟಿದವಳು ಆ ಕಥೆಯ ಪುಸ್ತಕವನ್ನೇ ಕಳಿಸುತ್ತಾಳೆ. ಅವಳ ಭಯ ನಮಗೂ ಅಂಟಬೇಕಾದರೆ ಅವಳಿಗೆ ಗೊತ್ತಿರುವಷ್ಟು ನಮಗೂ ಗೊತ್ತಿರಬೇಕು ಅಲ್ವಾ?

ಆ ಜನಪದ ಕಥೆಗೆ ಕೊನೆಗಳು ಹಲವು. ಒಂದರಲ್ಲಿ ಗೆಳತಿಯರ ಜೊತೆ ಬೆಂಕಿ ಹಾರಲು ಹೋಗಿ ಹುಡುಗಿ ಕರಗುತ್ತಾಳೆ. ಇಂಗ್ಲಿಷ್ ಲೇಖಕ ಆರ್ಥರ್ ರಾನ್ಸಮ್ 1916ರಲ್ಲಿ ಹೇಳಿದ ರೂಪ ಬೇರೆ. ದಾರಿ ತಪ್ಪಿದ ಹುಡುಗಿಯನ್ನು ನರಿ ಮನೆ ಸೇರಿಸುತ್ತದೆ. ಅದಕ್ಕೆ ಕೋಳಿ ಕೊಡುತ್ತೇವೆಂದ ಮುದುಕ ಮುದುಕಿ ಮೋಸ ಮಾಡುತ್ತಾರೆ. ಒಂದು ಕೋಳಿಯಷ್ಟೂ ತನ್ನ ಮೇಲೆ ಪ್ರೀತಿ ಇಲ್ಲ ಅಂತ ಹುಡುಗಿ ಕರಗಿ ಹೋಗುತ್ತಾಳೆ. ಆ ಕೋಳಿಯ ಮೇಲೆ ನಮ್ಮಲ್ಲಿ ನಡೆದಷ್ಟು ಜಗಳ ಕಾದಂಬರಿಯ ಮೇಲೂ ನಡೆಯಲಿಲ್ಲ.

ಆಮೇಲೆ ಎಲ್ಲರ ಕೈಗೂ ಒಂದೊಂದು ಪೆನ್ಸಿಲ್. ಕಾದಂಬರಿಯಲ್ಲಿ ಕಾಡಿನಿಂದ ಬರುವ ಹುಡುಗಿ ಫೈನಾ ಇರುವ ಕಡೆ ಮಾತುಗಳಿಗೆ ಉದ್ಧರಣ ಚಿಹ್ನೆ ಇಲ್ಲ. ನೆರೆಯ ಎಸ್ತರ್ ಬಂದು ಗಟ್ಟಿಯಾಗಿ ಮಾತಾಡಿದರೆ ಚಿಹ್ನೆ ವಾಪಸ್! ಗುರುತು ಹಾಕುತ್ತಾ ಹೋದಂತೆ, ಈ ಮಾತು ನಿಜವಾಗಿ ಆಡಿದ್ದಾ, ಮನಸ್ಸಿನಲ್ಲೇ ನಡೆದದ್ದಾ ಅನ್ನುವ ಅನುಮಾನ ಪುಟಪುಟಕ್ಕೂ ಏಳುತ್ತದೆ. ಹುಡುಗಿ ನಿಜವಾ ಸುಳ್ಳಾ ಅಂತ ಸುಮ್ನೆ ವಾದ ಮಾಡೋದಕ್ಕಿಂತ ಇದು ಎಷ್ಟೋ ಮೇಲು.

ನನಗೆ ಜಾಸ್ತಿ ಹಿಡಿಸಿದ್ದು ಮಾತ್ರ ಹೊಲದ ಕೆಲಸ. ಅಮೆರಿಕದ 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ 160 ಎಕರೆವರೆಗೆ ಸರ್ಕಾರಿ ಜಮೀನು ಸಿಗುತ್ತಿತ್ತು. ಅಲ್ಲೇ ಮನೆ ಕಟ್ಟಿ ಸಾಗುವಳಿ ಮಾಡಿ ತೋರಿಸಿದರೆ ಮಾತ್ರ ಪಟ್ಟಾ. ನಮ್ಮ ಬಗರ್‌ಹುಕುಂ ಥರ ಮೊದಲು ಉಳುಮೆ, ಆಮೇಲೆ ಅರ್ಜಿ ಅಲ್ಲ. ಕೇಳಲು ಚೆಂದ. ಆದರೆ ಮುಂದೆ ಉಳುವವರು ಯಾರೂ ಇಲ್ಲದ ಮನೆಯಲ್ಲಿ ಜ್ಯಾಕ್ ಮರದ ಬುಡ ಕೀಳುವುದು ಯಾರಿಗಾಗಿ? ಈ ಪ್ರಶ್ನೆ ಎದ್ದಾಗ ಧಾರವಾಡ ಕಡೆಯ ಅಕ್ಕೋರೊಬ್ಬರು, ಮಕ್ಕಳಿಲ್ಲದವಳ ಬಾಳು ಬಾಡಿಗೆ ಎತ್ತು ದುಡಿದ ಹಾಗೆ ಅನ್ನುವ ನಮ್ಮ ತ್ರಿಪದಿಯನ್ನು ರಾಗವಾಗಿಯೇ ಹೇಳಿದರು. ಸ್ವಲ್ಪ ಹೊತ್ತು ಯಾರೂ ಪುಟ ತಿರುಗಿಸಲಿಲ್ಲ.

ನನಗೆ ಆ ತ್ರಿಪದಿ ಇಲ್ಲಿಗೆ ಅರ್ಧ ಮಾತ್ರ ಹೊಂದುತ್ತದೆ. ಜ್ಯಾಕ್ ಪೆಟ್ಟು ತಿಂದು ಹಾಸಿಗೆ ಹಿಡಿದ ಮೇಲೆ ಎಸ್ತರ್ ಮತ್ತು ಅವಳ ಮಗ ಬಿತ್ತನೆಗೆ ಬರುತ್ತಾರೆ. ಅಲ್ಲಿಯವರೆಗೆ ಒಳಗೇ ಕೂತಿದ್ದ ಮೇಬಲ್ ಮಣ್ಣಿಗಿಳಿದು ಆಲೂಗೆಡ್ಡೆ ನೆಡುತ್ತಾಳೆ. ಅವಳ ಮೈಗೆ ಹಸಿವು, ನಿದ್ದೆ ಬರುವುದು ಆಗ. ಫೈನಾ ಬಂದಿದ್ದರಿಂದ ಅವಳು ಬದುಕಿದಳು ಅಂತ ಕೂಟದ ಅರ್ಧ ಜನ, ಆಲೂಗೆಡ್ಡೆಯಿಂದ ಅಂತ ನಾವು ಉಳಿದವರು.