ಸೆರಗೋ, ಬಟ್ಟೆಯ ಮಡಿಕೆಯೋ: ಬೊಯೆಥಿಯಸ್‌ನನ್ನು ಕನ್ನಡಕ್ಕೆ ತಂದ ನನ್ನ ಅನುಭವ

ಆರನೇ ಶತಮಾನದ ರೋಮನ್ ಚಿಂತಕ ಬೊಯೆಥಿಯಸ್ ಸೆರೆಯಲ್ಲಿ ಕೂತು ಬರೆದ 'ತತ್ವಶಾಸ್ತ್ರದ ಸಾಂತ್ವನ'ದ ಮೊದಲ ಭಾಗವನ್ನು ಕನ್ನಡಕ್ಕೆ ತರೋಣ ಅಂತ ಹೊರಟಾಗ ನಾನು ಮೊದಲು ಹಿಡಿದದ್ದು ಸೋಮಾರಿ ದಾರಿ. ಇಂಗ್ಲಿಷ್ ಅನುವಾದ ಮುಂದಿಟ್ಟುಕೊಂಡು ಇಳಿಸಿದೆ. ಓದಿ ನೋಡಿದರೆ ಉಪ್ಪಿಲ್ಲದ ಸಾರು. ಹರಿದು ಹಾಕಿ ಲ್ಯಾಟಿನ್ ವ್ಯಾಕರಣ ಕಲಿಯಲು ಕೂತೆ. ದಿನಕ್ಕೆ ನಾಲ್ಕೈದು ಸಾಲು, ಅಷ್ಟೇ. ಆದರೆ ಲ್ಯಾಟಿನ್‌ನಲ್ಲಿ ವಿಭಕ್ತಿಗಳಿವೆ, ಕ್ರಿಯಾಪದ ಎಷ್ಟೋ ಸಲ ಕೊನೆಗೇ ಬಂದು ಕೂರುತ್ತದೆ, ಹಾಗಾಗಿ ಇಂಗ್ಲಿಷ್‌ನಲ್ಲಿ ಮುರಿದುಹೋಗಿದ್ದ ಉದ್ದುದ್ದ ವಾಕ್ಯಗಳು ಕನ್ನಡಕ್ಕೆ ಸಲೀಸಾಗಿ ಬಂದವು.

ಮನುಷ್ಯ ರೋಮಿನ ದೊಡ್ಡ ಮನೆತನದವನು. 510ರಲ್ಲಿ ಕಾನ್ಸಲ್, ಅಂದರೆ ರೋಮಿನಲ್ಲಿ ಭಾರೀ ಗೌರವದ ಪದವಿ, 522ರಲ್ಲಿ ಇಬ್ಬರು ಗಂಡುಮಕ್ಕಳೂ ಒಟ್ಟಿಗೇ ಕಾನ್ಸಲ್. ಇಟಲಿಯನ್ನು ಆಳುತ್ತಿದ್ದ ಗಾಥ್ ಜನಾಂಗದ ದೊರೆ ಥಿಯೋಡೊರಿಕನ ಕೈಕೆಳಗೆ ಭಾರೀ ಹುದ್ದೆ. ಆಲ್ಬಿನಸ್ ಎಂಬ ಸೆನೆಟರ್ ಮೇಲೆ ರಾಜದ್ರೋಹದ ಆರೋಪ ಬಂದಾಗ ಅವನ ಪರ ಮಾತಾಡಿ ತಾನೇ ಸಿಕ್ಕಿಬಿದ್ದ. 524ರ ಆಸುಪಾಸು ಮರಣದಂಡನೆ. ಪ್ಲೇಟೋ, ಅರಿಸ್ಟಾಟಲ್ ಇಬ್ಬರನ್ನೂ ಪೂರ್ತಿ ಲ್ಯಾಟಿನ್‌ಗೆ ತರುತ್ತೇನೆ ಅಂತ ಹೊರಟಿದ್ದವನು, ಅರಿಸ್ಟಾಟಲ್‌ನ ತರ್ಕದ ಪುಸ್ತಕಗಳಾಚೆ ಹೋಗಲು ಪುರುಸೊತ್ತೇ ಸಿಗಲಿಲ್ಲ.

ಆ ತರ್ಕದ ಪುಸ್ತಕಗಳಲ್ಲಿ ಅವನದು ಪದಕ್ಕೆ ಪದ. ಅಂದ ಕೆಟ್ಟರೂ ಚಿಂತೆಯಿಲ್ಲ, ಅರ್ಥ ಜಾರಬಾರದು ಅನ್ನುವ ಹಟ. ನಾನೂ ಹಾಗೇ ಮಾಡೋಣ ಅಂದುಕೊಂಡೆ, ಆದರೆ ಇದು ತರ್ಕದ ಪುಸ್ತಕ ಅಲ್ವಲ್ಲ! ಗದ್ಯ, ಪದ್ಯ, ಮತ್ತೆ ಗದ್ಯ, ಒಟ್ಟು 39 ಪದ್ಯ. ಚಂಪೂ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪದ್ಯಗಳನ್ನು ಭಾಮಿನಿ ಷಟ್ಪದಿಗೆ ಕೂರಿಸಲು ಹೋಗಿ ಮುಖ ಒಡೆಸಿಕೊಂಡೆ, ಆಮೇಲೆ ಸುಮ್ನೆ ಬಿಡಿ ಸಾಲುಗಳಲ್ಲಿ ಬರೆದೆ. ಮೊದಲ ಪದ್ಯ ಹೀಗೆ ಶುರುವಾಗುತ್ತದೆ: "ಹಿಂದೆ ಉಕ್ಕುವ ಹುರುಪಿನಲ್ಲಿ ಹಾಡು ಕಟ್ಟಿದವನು, ಅಯ್ಯೋ, ಈಗ ಅಳುತ್ತಾ ದುಃಖದ ಧಾಟಿ ಹಿಡಿಯಬೇಕಾಗಿದೆ."

ನಿಜವಾದ ತಲೆನೋವು ಆಮೇಲೆ ಬಂತು. ಅಳುತ್ತಿರುವವನ ಎದುರು ಒಬ್ಬ ಹೆಂಗಸು ಬಂದು ನಿಲ್ಲುತ್ತಾಳೆ, ಅವಳೇ ತತ್ವಶಾಸ್ತ್ರ. ಕನ್ನಡದಲ್ಲಿ ತತ್ವಶಾಸ್ತ್ರ 'ಬಂದಿತು' ಅನ್ನಬೇಕು, 'ಬಂದಳು' ಅಂದರೆ ಕಿವಿಗೆ ಹೊಡೆಯುತ್ತದೆ. 'ತತ್ವದೇವಿ' ಅಂದರೆ ಗುಡಿ, ಆರತಿ ನೆನಪಾಗುತ್ತದೆ. ಮೂಲವನ್ನು ಮತ್ತೆ ಓದಿದಾಗ ದಾರಿ ಸಿಕ್ಕಿತು: ಬೊಯೆಥಿಯಸ್‌ಗೂ ಮೊದಲಿಗೆ ಅವಳ ಗುರುತು ಸಿಗುವುದಿಲ್ಲ! ಅಲ್ಲಿಯವರೆಗೆ ಅವಳು ಬರೀ 'ಹೆಂಗಸು'. ಆಮೇಲೆ, ತನಗೆ ಹಾಲೂಡಿ ಬೆಳೆಸಿದವಳು ಇವಳೇ ಅಂತ ಹೊಳೆಯುತ್ತದೆ. ನಾನು 'ಸಾಕಿದ ತಾಯಿ' ಅಂತ ಬರೆದೆ, 'ಬಂದಳು' ತಾನಾಗೇ ಒಗ್ಗಿತು.

ಗುರುತು ಸಿಗುವ ಮುಂಚೆ ಅವಳು ಬಟ್ಟೆಯನ್ನು ಮಡಿಕೆ ಮಾಡಿ ಅವನ ಕಣ್ಣೊರೆಸುತ್ತಾಳೆ. ನನ್ನ ಕೈ ಯೋಚಿಸದೆ 'ಸೆರಗು' ಅಂತ ಬರೆದುಬಿಟ್ಟಿತ್ತು. ಆರನೇ ಶತಮಾನದ ಇಟಲಿಯಲ್ಲಿ ಎಲ್ಲಿಯ ಸೆರಗು ಅಂತ ಹೊಡೆದು ಹಾಕಿ 'ಬಟ್ಟೆಯ ಮಡಿಕೆಯಿಂದ' ಅಂತ ತಿದ್ದಿದೆ. ದರ್ಜಿ ಅಂಗಡಿಯ ಮಾತಿನ ಹಾಗೆ ಕೇಳಿಸಿತು. ಮತ್ತೆ ಸೆರಗು, ಮತ್ತೆ ಮಡಿಕೆ, ಹೀಗೇ ಒಂದು ವಾರ. ಕೊನೆಗೆ ಎರಡನ್ನೂ ಅಮ್ಮನಿಗೆ ಓದಿ ಹೇಳಿದೆ. ಆ ಬಟ್ಟೆಯನ್ನು ಒರಟರು ಹರಿದು, ಸಿಕ್ಕಷ್ಟು ತುಂಡು ಕಿತ್ತುಕೊಂಡು ಹೋಗಿದ್ದರು ಅನ್ನುವ ಸಾಲು ಮೊದಲೇ ಬಂದಿತ್ತು. ಅಮ್ಮ ಅದನ್ನು ಮರೆತಿರಲಿಲ್ಲ. "ಅಷ್ಟು ಹರಿದ ಮೇಲೂ ಒರೆಸೋಕೆ ಸೆರಗು ಉಳಿದಿತ್ತಾ?" ಅಂದರು.

ಸೆರಗೇ ಇರಲಿ ಅಂತ ಬಿಟ್ಟೆ.