ಕಪ್ಪತಗುಡ್ಡದ ಹೆಸರುಗಳನ್ನು ನಕ್ಷೆಗೆ ಇಳಿಸಿದ ಬಗೆ

‘ಎಪ್ಪತ್ತು ಗಿರಿ ನೋಡೋದಕ್ಕಿಂತ ಕಪ್ಪತಗಿರಿ ನೋಡು’ ಎಂಬ ಮಾತು ಗದಗ ಸೀಮೆಯಲ್ಲಿ ಬಳಕೆಯಲ್ಲಿದೆ. ಬಿಂಕದಕಟ್ಟಿಯ ಕಡೆಯಿಂದ ಶುರುವಾಗಿ ಸಿಂಗಟಾಲೂರಿನ ಹತ್ತಿರ ತುಂಗಭದ್ರೆಯ ದಂಡೆ ಮುಟ್ಟುವ ಈ ಗುಡ್ಡಸಾಲು 60 ಕಿ.ಮೀ.ಗೂ ಉದ್ದ. ಗದಗ, ಮುಂಡರಗಿ, ಶಿರಹಟ್ಟಿ ಮೂರೂ ತಾಲ್ಲೂಕಿಗೆ ಇದು ಸೇರುತ್ತದೆ. ನೋಡುವುದೇನೋ ಸುಲಭ. ಆದರೆ ಯಾವ ಕೊಳ್ಳಕ್ಕೆ, ಯಾವ ಸರುವಿಗೆ, ಯಾವ ಮಡ್ಡಿಗೆ ಏನೆನ್ನುತ್ತಾರೆ ಎಂದು ನಕ್ಷೆ ಬಿಡಿಸಿ ಹುಡುಕಿದರೆ ಊರಿನ ಹೆಸರು, ಎತ್ತರದ ಅಂಕಿ ಬಿಟ್ಟು ಹೆಚ್ಚೇನೂ ಸಿಗುವುದಿಲ್ಲ. ಕುರಿ ಕಾಯುವವರ ಬಾಯಲ್ಲಿರುವ ಹೆಸರುಗಳನ್ನು ಕನ್ನಡದಲ್ಲೇ ನಕ್ಷೆಗೆ ತಂದ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ತಳಹದಿಗೆ ಸರ್ವೇ ಆಫ್ ಇಂಡಿಯಾದ 1:50,000 ಅಳತೆಯ ಹಾಳೆಗಳನ್ನು ಇಟ್ಟುಕೊಂಡೆ. ಹಳೆಯ ಲೆಕ್ಕದಲ್ಲಿ ಈ ಸೀಮೆ 48 ಎಂ ಗುಂಪಿಗೆ ಬರುತ್ತದೆ. ಹಳೆಯ ಹಾಳೆಯನ್ನು ಸ್ಕ್ಯಾನ್ ಮಾಡಿ ನಕ್ಷೆ ಮಾಡುವ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ಕೂರಿಸುವವರು ಮೊದಲು ಎಡವುವುದು ಅಕ್ಷಾಂಶ ರೇಖಾಂಶ ಎಣಿಸಲು ಭೂಮಿಯ ಆಕಾರಕ್ಕೆ ಹಿಡಿದ ಲೆಕ್ಕದಲ್ಲಿ, ಅಂದರೆ ಡೇಟಮ್‌ನಲ್ಲಿ. ಆ ಹಾಳೆಗಳ ಅಕ್ಷಾಂಶ ರೇಖಾಂಶ ಎವರೆಸ್ಟ್ ಲೆಕ್ಕದವು, ಮೊಬೈಲಿನದು ಡಬ್ಲ್ಯೂಜಿಎಸ್ 84. ಎರಡನ್ನೂ ಒಂದೇ ಎಂದುಕೊಂಡರೆ ಗುಡಿ ನೂರು ಮೀಟರಿಗೂ ಮೀರಿ ಸರಿದು ಕೊಳ್ಳದೊಳಗೆ ಹೋಗಿ ಕೂರುತ್ತದೆ. ಈಚಿನ ಓಪನ್ ಸೀರೀಸ್ ಹಾಳೆಗಳಲ್ಲಿ ಈ ತೊಂದರೆ ಇಲ್ಲ. ಎತ್ತರದ ಗೆರೆಗಳನ್ನು ಬಾಹ್ಯಾಕಾಶ ನೌಕೆಯಿಂದ ನೆಲದ ಎತ್ತರ ಅಳೆದ ಎಸ್‌ಆರ್‌ಟಿಎಂ ದತ್ತಾಂಶದಿಂದ 20 ಮೀಟರ್ ಅಂತರಕ್ಕೆ ಎಳೆದುಕೊಂಡೆ. ಅದರ ಒಂದೊಂದು ಚೌಕ ಸುಮಾರು 30 ಮೀಟರಿನದು, ಹೀಗಾಗಿ ಕತ್ತಿಯ ಅಂಚಿನಂಥ ಏಣುಗಳು (ಗುಡ್ಡದ ನೆತ್ತಿಯ ಚೂಪು ಅಂಚುಗಳು) ಅದರಲ್ಲಿ ಮೊಂಡಾಗಿ, ನಿಜಕ್ಕಿಂತ ತಗ್ಗಾಗಿ ಕಾಣುತ್ತವೆ. ಅದನ್ನು ಅಳೆದದ್ದು 2000ದ ಫೆಬ್ರುವರಿಯಲ್ಲಿ. ಆಮೇಲೆ ಅಗೆದ ಗುಂಡಿ, ಕಟ್ಟಿದ ಕೆರೆ ಅದರಲ್ಲಿ ಇರುವುದಿಲ್ಲ.

ಕೈಯಲ್ಲಿ ಹಿಡಿದು ಅಡ್ಡಾಡಲು 1:25,000 ಅಳತೆಯೇ ಸರಿ. ಒಂದು ಸೆಂಟಿಮೀಟರಿಗೆ 250 ಮೀಟರ್. ಎ3 ಹಾಳೆಯಲ್ಲಿ ಅಂಚು ಬಿಟ್ಟು ಉದ್ದಕ್ಕೆ ಒಂಬತ್ತೂವರೆ ಕಿ.ಮೀ. ಹಿಡಿಯುತ್ತದೆ. ಸಾಲು ವಾಯವ್ಯದಿಂದ ಆಗ್ನೇಯಕ್ಕೆ ಓರೆಯಾಗಿ ಮಲಗಿದೆ, ಅಕ್ಕಪಕ್ಕದ ಹಾಳೆಗಳು ಎರಡು ಸೆಂಟಿಮೀಟರ್ ಒಂದರ ಮೇಲೊಂದು ಬರಬೇಕು. ಹೀಗೆ ಲೆಕ್ಕ ಹಾಕಿದರೆ ಹನ್ನೆರಡು ಹಾಳೆ ಬೇಕು. ಬಣ್ಣದ ಉಪಗ್ರಹ ಚಿತ್ರ ಮುದ್ರಿಸಬೇಡಿ. ಅದರ ಮೇಲೆ ಪೆನ್ಸಿಲ್ ಬರಹ ಕಾಣುವುದಿಲ್ಲ. ತಿಳಿ ಬೂದು ಗೆರೆ, ನೀಲಿ ಹಳ್ಳ, ಇಷ್ಟೇ ಸಾಕು.

ಕಾಲದ ಮಾತು. 2019ರಲ್ಲಿ ಗುಡ್ಡದ ಸುಮಾರು 244 ಚದರ ಕಿ.ಮೀ. ವನ್ಯಜೀವಿಧಾಮವಾಗಿದೆ. ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು. ಮಳೆ ವರ್ಷಕ್ಕೆ ಸುಮಾರು 600 ಮಿ.ಮೀ., ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗ ಗುಡ್ಡ ಹಸಿರಾಗಿ ಚೆಂದ, ಕೆಲಸಕ್ಕೆ ಮಾತ್ರ ಕೆಟ್ಟದ್ದು. ಎದೆಮಟ್ಟ ಬೆಳೆದ ಬಾದೆ ಹುಲ್ಲಿನಲ್ಲಿ ಕಾಲುದಾರಿ ಮುಚ್ಚಿಹೋಗಿರುತ್ತದೆ. ಫೆಬ್ರುವರಿ ದಾಟಿದರೆ ಅದೇ ಹುಲ್ಲು ಒಣಗಿ ಬೆಂಕಿಗೆ ತಯಾರಾಗಿ ನಿಂತಿರುತ್ತದೆ, ಗಾಳಿ ಬೇರೆ. ಸೀಗಿ ಹುಣ್ಣಿಮೆ ಕಳೆದ ಮೇಲಿನಿಂದ ಸಂಕ್ರಾಂತಿ ಮುಗಿದು ಎರಡು ವಾರದವರೆಗಿನ ಅವಧಿ ಒಳ್ಳೆಯದು.

ಇನ್ನು ಹೆಸರು ಕೇಳುವ ವಿದ್ಯೆ. ಈ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ. ಮೊದಲನೆಯದಾಗಿ ‘ಹೆಸರು ಕೇಳಲಿಕ್ಕೆ ಬಂದೀನಿ’ ಎನ್ನಬಾರದು. ಎರಿ (ಕಪ್ಪು ಮಣ್ಣಿನ) ಹೊಲದ ತುಂಬ ಹೆಸರು ಬೆಳೆಯುವ ಸೀಮೆ ಇದು, ಧಾರಣಿ ವಿಚಾರಿಸಲು ಬಂದವರೆಂದು ತಿಳಿಯುತ್ತಾರೆ. ತಮಾಷೆ ಬದಿಗಿಟ್ಟರೂ, ‘ಈ ಗುಡ್ಡಕ್ಕ ಏನಂತಾರ್ರೀ?’ ಎಂದು ಬೆರಳು ತೋರಿಸಿ ಕೇಳಿದರೆ ಹತ್ತರಲ್ಲಿ ಎಂಟು ಸಲ ‘ಗುಡ್ಡ ಅಂತೀವ್ರಿ, ಕಪ್ಪತಗುಡ್ಡ’ ಎಂಬ ಉತ್ತರವೇ ಬರುತ್ತದೆ. ದಿನಾ ತುಳಿಯುವವರಿಗೆ ಶಿಖರದಿಂದ ಆಗಬೇಕಾದ್ದೇನೂ ಇಲ್ಲ. ಅವರು ಹೆಸರಿಡುವುದು ನೀರಿಗೆ, ನೆರಳಿಗೆ, ಇಳಿಯುವ ಜಾಗಕ್ಕೆ, ಕುರಿ ತಪ್ಪಿಸಿಕೊಳ್ಳುವ ಮೂಲೆಗೆ. ಅದನ್ನೇ ಕೇಳಬೇಕು:

‘ಯಜ್ಜಾ, ಮಳಿ ಹತ್ತಿದ್ರ ಕುರಿ ಎಲ್ಲಿ ನಿಂದರಸ್ತೀರಿ?’

‘ಬ್ಯಾಸಗ್ಯಾಗ ನೀರು ಯಾವ ಕೊಳ್ಳದಾಗ ಉಳೀತೈತಿ?’

‘ಅಲ್ಲಿಂದ ಡೋಣಿಗೆ ಇಳೀಬೇಕಂದ್ರ ಯಾವ ಹಾದಿ ಹಿಡೀತೀರಿ?’

ಡೋಣಿ ಗುಡ್ಡದ ಬುಡದ ಊರು. ಮೂರನೆಯ ಪ್ರಶ್ನೆಗೆ ಮುದುಕರು ಹಾದಿಯನ್ನು ಹೇಳುತ್ತ ಹೋದಂತೆ ಐದಾರು ಹೆಸರು ಸಾಲಾಗಿ, ಅದೂ ನಡೆಯುವ ಕ್ರಮದಲ್ಲಿ ಉದುರುತ್ತವೆ. ಆ ಕ್ರಮವನ್ನೂ ಬರೆದುಕೊಳ್ಳಬೇಕು. ಮುಂದೆ ಯಾವುದೋ ಒಂದು ಜಾಗ ತಪ್ಪಿದರೆ ಹಿಂದಿನ, ಮುಂದಿನ ಹೆಸರಿನ ಆಧಾರದ ಮೇಲೆ ಸರಿಪಡಿಸಬಹುದು. ಮಾತು ನಡೆಯುವಾಗ ಮೊಬೈಲ್ ಹೊರಗೆ ತೆಗೆಯಬೇಡಿ, ನಕ್ಷೆಯನ್ನೂ ಬಿಡಿಸಬೇಡಿ. ಗುಡ್ಡದಲ್ಲಿ ಹಾಳೆ ಹಿಡಿದು ಬಂದವರನ್ನು ಜನ ಗಣಿಯವರೆಂದೋ ಅರಣ್ಯದವರೆಂದೋ ಲೆಕ್ಕ ಹಾಕುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. 2015ರಲ್ಲಿ ಇದನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿ, 2016ರಲ್ಲಿ ಹಿಂಪಡೆದು, ದೊಡ್ಡ ಹೋರಾಟ ನಡೆದ ಮೇಲೆ 2017ರಲ್ಲಿ ಮತ್ತೆ ಕೊಟ್ಟರು. ಕಾಗದದ ಮೇಲಿನ ಗೆರೆಗೆ ಏನು ತೂಕ ಎಂಬುದು ಇಲ್ಲಿಯವರಿಗೆ ಚೆನ್ನಾಗಿ ಗೊತ್ತು.

ಒಂದೇ ಬಾಯಿಂದ ಬಂದ ಹೆಸರನ್ನು ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ಬೇರೆ ಊರಿನ, ಬೇರೆ ಕಸುಬಿನ ಇನ್ನೊಬ್ಬರು ಹೇಳಿದ ಮೇಲೆ ಪೆನ್ನು. ಕುರುಬರು, ಕಟ್ಟಿಗೆ ತರುವ ಹೆಣ್ಣುಮಕ್ಕಳು, ಅರಣ್ಯ ಕಾವಲುಗಾರರು, ಔಷಧಿ ಬೇರು ಬಲ್ಲವರು, ಗುಡಿಯ ಪೂಜಾರಿ ಇವರೆಲ್ಲರ ಗುಡ್ಡ ಒಂದೇ ಅಲ್ಲ. ಕಟ್ಟಿಗೆಯವರಿಗೆ ಗೊತ್ತಿರುವ ಇಳಿಜಾರಿನ ಹೆಸರು ಪೂಜಾರಿಗೆ ಗೊತ್ತಿಲ್ಲ, ಶ್ರಾವಣದಲ್ಲಿ ಕಪ್ಪತ ಮಲ್ಲೇಶ್ವರನ ಗುಡಿಗೆ ಏರುವ ಹಾದಿಯ ಕಟ್ಟೆಗಳ ಹೆಸರು ಕುರುಬರಿಗೆ ಬೇಕಿಲ್ಲ. ಮುಂಡರಗಿ ಮಗ್ಗಲಿನವರೂ ಶಿರಹಟ್ಟಿ ಮಗ್ಗಲಿನವರೂ ಒಂದೇ ಏಣುವಿಗೆ ಬೇರೆ ಬೇರೆ ಹೆಸರು ಹೇಳಿದರೆ ಎರಡನ್ನೂ ಹಾಕಿ, ಒಂದೊಂದನ್ನು ಅದರದರ ಇಳಿಜಾರಿನ ಕಡೆ ಬರೆಯಿರಿ. ‘ಸರಿಯಾದದ್ದು ಯಾವುದು’ ಎಂಬ ಪ್ರಶ್ನೆಯೇ ಅಲ್ಲಿಲ್ಲ. ತಾಂಡಾಗಳಿಗೆ ಕಂದಾಯ ದಾಖಲೆಯ ಹೆಸರು ಒಂದು, ಲಂಬಾಣಿಗರ ಮಾತಾದ ಗೋರ್‌ಬೋಲಿಯಲ್ಲಿ ಕರೆಯುವ ಹೆಸರು ಇನ್ನೊಂದು ಇರಬಹುದು. ಲಂಬಾಣಿ ಹಿರಿಯರಿಂದಲೇ ಹೇಳಿಸಿ, ಧ್ವನಿ ಮುದ್ರಿಸಿಕೊಂಡು ಆಮೇಲೆ ಬರೆಯುವುದು ಒಳ್ಳೆಯದು.

ಕಾಗುಣಿತದಲ್ಲಿ ಗಂಡಾಂತರ ಹೆಚ್ಚು. ಇಂಗ್ಲಿಷ್ ನಕ್ಷೆಯಲ್ಲಿ ಲ ಮತ್ತು ಳ, ತ ಮತ್ತು ಟ, ದ ಮತ್ತು ಡ ಒಂದೇ. ಅದನ್ನು ಯಂತ್ರಕ್ಕೆ ಕೊಟ್ಟು ಕನ್ನಡಕ್ಕೆ ತಿರುಗಿಸಿದರೆ ಡೋಣಿ ಹೋಗಿ ದೋಣಿ ಆಗುತ್ತದೆ, ನೀರಿಲ್ಲದ ಗುಡ್ಡದ ಬುಡದಲ್ಲಿ ದೋಣಿ! ಡಂಬಳವೂ ದಂಬಲ್ ಆಗುತ್ತದೆ. 1095ರ ತಾರಾದೇವಿಯ ಶಾಸನವಿರುವ ಊರಿಗೆ ಇಂಥ ಗತಿ ಬರಬಾರದು. ಊರ ಹೆಸರಿಗೆ ಕಂದಾಯ ದಾಖಲೆಯ ರೂಪ, ಗುಡ್ಡದೊಳಗಿನ ಜಾಗಕ್ಕೆ ಆಡುಮಾತಿನ ರೂಪ ಎಂದು ನಿಯಮ ಮಾಡಿಕೊಂಡೆ. ‘ಕೆರಿ’ ಎಂದದ್ದನ್ನು ‘ಕೆರೆ’ ಎಂದು ತಿದ್ದಲಿಲ್ಲ.

ಜಾಗ ಗುರುತಿಸುವಾಗ ಬಯಲಲ್ಲಿ ಮೊಬೈಲ್ ಐದು ಮೀಟರ್ ಆಚೀಚೆ ತೋರಿಸುತ್ತದೆ, ಅದು ಸಾಕು. ಕೊಳ್ಳದ ತಳದಲ್ಲಿ ಬಂಡೆಗೋಡೆಗೆ ಬಡಿದು ಬಂದ ಸಂಕೇತದಿಂದ ಬಿಂದು ಎದುರು ದಂಡೆಗೆ ಹಾರಿಬಿಡುತ್ತದೆ. ಎರಡು ಮೂರು ನಿಮಿಷ ಅಲ್ಲಾಡದೆ ನಿಂತು ಸರಾಸರಿ ತೆಗೆಯಬೇಕು. ಎತ್ತರವನ್ನು ಮೊಬೈಲಿನಿಂದ ತೆಗೆದುಕೊಳ್ಳಲೇಬಾರದು. ಹಲವು ಆ್ಯಪ್‌ಗಳು ಕೊಡುವುದು ಸಮುದ್ರಮಟ್ಟದಿಂದ ಲೆಕ್ಕ ಹಾಕಿದ ಎತ್ತರವಲ್ಲ, ಭೂಮಿಯ ಗಣಿತದ ದೀರ್ಘವೃತ್ತದಿಂದ ಲೆಕ್ಕ ಹಾಕಿದ್ದು. ನಮ್ಮ ದಕ್ಷಿಣದಲ್ಲಿ ಅದು 70ರಿಂದ 90 ಮೀಟರ್ ಕಡಿಮೆ ಬರುತ್ತದೆ.

ದಿಕ್ಸೂಚಿಯ ಕಥೆ ಬೇರೆ. ಗುಡ್ಡದ ಏಣುಗಳಲ್ಲಿ ಹಲವು ಕಬ್ಬಿಣದ ಅದಿರಿನ ಪಟ್ಟಿ ಪಟ್ಟಿ ಕಲ್ಲು. ಕೆಂಪು, ಕಪ್ಪು ಪಟ್ಟಿಗಳು ಒಂದರ ಮೇಲೊಂದು ಸೀರೆಯ ಅಂಚಿನ ಹಾಗೆ ಕಾಣುತ್ತವೆ. ಮ್ಯಾಗ್ನೆಟೈಟ್ ಎಂಬ ಅಯಸ್ಕಾಂತ ಗುಣದ ಅದಿರು ಇರುವ ಅಂಥ ಬಂಡೆಯ ಮೇಲೆ ನಿಂತರೆ ಮುಳ್ಳು ದಾರಿ ತಪ್ಪುತ್ತದೆ, ಮೊಬೈಲಿನ ದಿಕ್ಸೂಚಿಯೂ ಅಷ್ಟೇ. ಪರೀಕ್ಷೆ ಸುಲಭ. ದೂರದ ಒಂದು ಗುರುತಿಗೆ ನೇರ ಹಿಡಿದು ಓದಿ, ಅದೇ ಗೆರೆಯಲ್ಲಿ ಇಪ್ಪತ್ತು ಹೆಜ್ಜೆ ಹಿಂದೆ ಬಂದು ಮತ್ತೆ ಓದಿ. ಅಂಕಿ ಬದಲಾದರೆ ಅಲ್ಲಿ ದಿಕ್ಸೂಚಿ ಕೆಲಸಕ್ಕೆ ಬಾರದು. ಆಗ ನೆರವಿಗೆ ಬರುವುದು ಗಾಳಿಯಂತ್ರದ ಕಂಬಗಳು. ಬುಡದಲ್ಲಿ ಸಂಖ್ಯೆ ಬರೆದಿರುತ್ತದೆ, ಉಪಗ್ರಹ ಚಿತ್ರದಲ್ಲಿ ನೆರಳು ಸಮೇತ ಕಾಣುತ್ತವೆ. ಎರಡು ಕಂಬ ಒಂದೇ ಗೆರೆಯಲ್ಲಿ ಬರುವ ಜಾಗದಲ್ಲಿ ನಿಂತರೆ ನೀವು ಆ ಗೆರೆಯ ಮೇಲೇ ಇದ್ದೀರಿ. ಏಣಿನ ಅಂದ ಅವು ಕೆಡಿಸಿವೆ ಎನ್ನುವವನೇ ನಾನು, ಆದರೂ ಕೆಲಸಕ್ಕೆ ಬಳಸಿಕೊಂಡೆ.

ಕೆಂಪು ಮಣ್ಣಿನ ಮಸಾರಿ ಮುಗಿದು ಎರಿ ಶುರುವಾಗುವ ಗೆರೆಯನ್ನೂ ನಕ್ಷೆಗೆ ಹಾಕಿದರೆ ಅರ್ಧದಷ್ಟು ಹೆಸರು ತಾವೇ ಅರ್ಥ ಬಿಡಿಸಿಕೊಳ್ಳುತ್ತವೆ. ಬುಡದ ಕೆಂಪು ಮಸಾರಿಯಲ್ಲಿ ಶೇಂಗಾ, ಕೆಳಗೆ ಡಂಬಳದ ಕಡೆಯ ಎರಿಯಲ್ಲಿ ಬಿಳಿಜೋಳ, ಕಡಲೆ, ಕುಸುಬಿ. ಎಳ್ಳ ಅಮಾಸಿಗೆ ಚರಗ ಚೆಲ್ಲುವ ಹೊತ್ತಿಗೆ ಹೋದರೆ ಗೆರೆಯನ್ನು ಬಣ್ಣದಿಂದಲೇ ಹಿಡಿಯಬಹುದು. ಮಸಾರಿ ಹೊಲ ಬರಿದಾಗಿರುತ್ತದೆ, ಎರಿ ಹಸಿರಾಗಿರುತ್ತದೆ.

ಗಣಕದಲ್ಲಿ ಇದನ್ನೆಲ್ಲ ಕೂಡಿಡಲು ಹಳೆಯ ಬಗೆಯ ಕಡತವಾದ ಶೇಪ್‌ಫೈಲ್ ಬಳಸಬೇಡಿ. ಅದರ ಒಂದು ಅಂಕಣದಲ್ಲಿ 254 ಬೈಟ್ ಮಾತ್ರ ಹಿಡಿಯುತ್ತದೆ. ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಬೇಕು, ಒತ್ತು, ಕಾಗುಣಿತ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. ಹೆಸರಿನ ಕಾರಣ ಬರೆಯಹೊರಟರೆ ವಾಕ್ಯ ನಡುವೆಯೇ ತುಂಡಾಗುತ್ತದೆ. ಜಿಯೋಪ್ಯಾಕೇಜ್ ಎಂಬ ಹೊಸ ಬಗೆಯ ಕಡತವಾದರೆ ಈ ಕಾಟವಿಲ್ಲ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಮೊದಲು ಯುನಿಕೋಡ್‌ಗೆ ತಿರುಗಿಸಿಕೊಳ್ಳಿ.

ಎಲ್ಲವನ್ನೂ ಅಚ್ಚು ಹಾಕಬಾರದು. ತೋಳ, ಕತ್ತೆಕಿರುಬ ಮರಿ ಹಾಕುವ ಗವಿ, ಅಪರೂಪದ ಔಷಧಿ ಗಿಡದ ತಾಣ, ಹೊರಗಿನವರಿಗೆ ಗೊತ್ತಿಲ್ಲದ ಪಾಳು ಗುಡಿ ಇವನ್ನು ನನ್ನ ಕಡತದಲ್ಲಷ್ಟೇ ಇಟ್ಟಿದ್ದೇನೆ. ನಿಧಿ ಅಗೆಯುವವರಿಗೂ ನಕ್ಷೆ ಓದಲು ಬರುತ್ತದೆ.

ಕೊನೆಯ ತಪಾಸಣೆಗೆ ನಕ್ಷೆಯನ್ನು ಯಾರ ಕೈಗೂ ಕೊಡುವುದಿಲ್ಲ. ಕಟ್ಟೆಯ ಮೇಲೆ ಕುಳಿತು, ಒಂದು ಹಾದಿ ಹಿಡಿದು, ಕೆಳಗಿನಿಂದ ಮೇಲಕ್ಕೆ ಹೆಸರುಗಳನ್ನು ಗಟ್ಟಿಯಾಗಿ ಓದುತ್ತ ಹೋಗುತ್ತೇನೆ. ತಪ್ಪು ಬಂದಲ್ಲಿ ‘ಏ, ಅದು ಈಚೆ ದಂಡಿಗೆ ಬರ್ತೈತಿ’ ಎಂದು ಯಾರಾದರೂ ತಡೆದೇ ತಡೆಯುತ್ತಾರೆ. ಆಗ ಪೆನ್ಸಿಲ್ ಹೊರಗೆ ತೆಗೆದರೆ ಯಾರ ತಕರಾರೂ ಇರುವುದಿಲ್ಲ.