ಗುಂಡು ಎಸೆತದ ಗುಂಡಿನ ಸೆಳೆತ ಅಳೆದದ್ದು ಹೀಗೆ

ಗುರುತ್ವದ ನಿಯಮ ಇಷ್ಟು: ದ್ರವ್ಯರಾಶಿ ದುಪ್ಪಟ್ಟಾದರೆ ಸೆಳೆತ ದುಪ್ಪಟ್ಟು, ದೂರ ದುಪ್ಪಟ್ಟಾದರೆ ಸೆಳೆತ ಕಾಲು ಪಾಲು. ಮೊದಲನೆಯದನ್ನು ಮನೆಯಲ್ಲೇ ಕಟ್ಟಿದ ತಿರುಚು ತಕ್ಕಡಿ (ತೆಳು ತಂತಿಗೆ ನಡುವಿನಲ್ಲಿ ಅಡ್ಡಲಾಗಿ ತೂಗಿಬಿಟ್ಟ ಕಡ್ಡಿ; ತುದಿಗಳನ್ನು ಏನಾದರೂ ಎಳೆದರೆ ತಂತಿ ತಿರುಚಿಕೊಳ್ಳುತ್ತದೆ) ಚೆನ್ನಾಗಿ ತೋರಿಸುತ್ತದೆ. ಎರಡನೆಯದರಲ್ಲಿ ಅದು ಮೋಸ ಮಾಡುತ್ತದೆ, ಕಾರಣ ಗೊತ್ತಿಲ್ಲದಿದ್ದರೆ ನಿಯಮದ ಮೇಲೇ ಅನುಮಾನ ಬರುತ್ತದೆ.

ಬೇಕಾದದ್ದು: 0.1 ಮಿ.ಮೀ. ದಪ್ಪದ ಟಂಗ್‌ಸ್ಟನ್ ತಂತಿ ಒಂದು ಮೀಟರ್, 30 ಸೆಂ.ಮೀ. ಉದ್ದದ ಹಗುರ ಮರದ ಕಡ್ಡಿ, ಅದರ ಎರಡು ತುದಿಗೆ 250 ಗ್ರಾಂ ತೂಕದ ಸೀಸದ ಉಂಡೆಗಳು, ನಡುವೆ ಚಿಕ್ಕ ಕನ್ನಡಿ, ಲೇಸರ್ ಟಾರ್ಚು. ದೊಡ್ಡ ಗುಂಡುಗಳಿಗೆ ಕ್ರೀಡಾ ಸಾಮಗ್ರಿ ಅಂಗಡಿಯೇ ಸಾಕು: ಗುಂಡು ಎಸೆತದ 7.26 ಕೆ.ಜಿ. ಗುಂಡು ಎರಡು, 4 ಕೆ.ಜಿ.ಯವು ಎರಡು. ಡಂಬೆಲ್ ಬಿಲ್ಲೆ ಬೇಡ; ದುಂಡಗಿದ್ದರೆ ಮಾತ್ರ ಕೇಂದ್ರದಿಂದ ಕೇಂದ್ರಕ್ಕೆ ದೂರ ಅಳೆದು ನೆಮ್ಮದಿಯಾಗಿರಬಹುದು. ಗುಂಡು ಕಬ್ಬಿಣದ್ದಾದ್ದರಿಂದ ಕಡ್ಡಿಯಲ್ಲಿ ಒಂದೇ ಒಂದು ಉಕ್ಕಿನ ಮೊಳೆಯೂ ಇರಬಾರದು. ಇದ್ದರೆ ನೀವು ಅಳೆಯುವುದು ಕಾಂತತ್ವವನ್ನು.

7.26 ಕೆ.ಜಿ. ಗುಂಡು ಸೀಸದ ಉಂಡೆಯನ್ನು 10 ಸೆಂ.ಮೀ. ದೂರದಿಂದ ಎಳೆಯುವ ಬಲ ಒಂದು ರಾಗಿ ಕಾಳಿನ ತೂಕದ ಸುಮಾರು ಎರಡು ಸಾವಿರದಲ್ಲಿ ಒಂದು ಪಾಲು. ಹಾಗಾಗಿ ಫ್ಯಾನು, ಉಸಿರು, ಪಕ್ಕದಲ್ಲಿ ನಿಂತವರ ಮೈಬಿಸಿಯಿಂದ ಏಳುವ ಗಾಳಿ, ಎಲ್ಲವೂ ಅದಕ್ಕಿಂತ ಜೋರು. ತಕ್ಕಡಿಯನ್ನು ಪೆಟ್ಟಿಗೆಯೊಳಗೆ ಮುಚ್ಚಿ, ಒಳಗೋಡೆಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿ ಅರ್ಥಿಂಗ್ ಕೊಡಬೇಕು. ಸ್ಥಿರ ವಿದ್ಯುತ್ತಿನ ಕಾಟ ಆಗ ತಪ್ಪುತ್ತದೆ. ನೆಲಮಹಡಿ, ರಾತ್ರಿ ಹೊತ್ತು. ಹೊಸ ತಂತಿ ಭಾರಕ್ಕೆ ಎಳೆದುಕೊಂಡು ತಾನಾಗಿ ಸುತ್ತುತ್ತಲೇ ಇರುತ್ತದೆ, ಅದನ್ನು ನಾಲ್ಕಾರು ದಿನ ಸುಮ್ಮನೆ ತೂಗಲು ಬಿಡಿ. 1798ರಲ್ಲಿ ಫಲಿತಾಂಶ ಪ್ರಕಟಿಸಿದ ಹೆನ್ರಿ ಕ್ಯಾವೆಂಡಿಶ್ ಕೋಣೆಯ ಹೊರಗೆ ನಿಂತು ದೂರದರ್ಶಕದಲ್ಲಿ ಓದಿಕೊಂಡದ್ದು ಇದೇ ತೊಂದರೆಗೆ. (ಅವನ ದೊಡ್ಡ ಸೀಸದ ಗುಂಡುಗಳು ತಲಾ ಸುಮಾರು 158 ಕೆ.ಜಿ. ನಮ್ಮದು ಬಡವರ ತಕ್ಕಡಿ.)

ಕಡ್ಡಿ ಒಮ್ಮೆ ಹೋಗಿ ಬರಲು ಸುಮಾರು 530 ಸೆಕೆಂಡು ಹಿಡಿಯುತ್ತದೆ. ಅದು ನಿಲ್ಲಲಿ ಎಂದು ಕಾಯುತ್ತ ಕೂತರೆ ಬೆಳಗಾಗುತ್ತದೆ. ಲೇಸರ್ ಚುಕ್ಕೆ ಮರಳಿ ತಿರುಗುವ ಮೂರು ತುದಿಗಳನ್ನು ಗುರುತಿಸಿ: ಮೊದಲನೆಯದು, ಎರಡನೆಯದರ ಇಮ್ಮಡಿ, ಮೂರನೆಯದು ಕೂಡಿಸಿ ನಾಲ್ಕರಿಂದ ಭಾಗಿಸಿದರೆ ನಡುವಿನ ಬಿಂದು ಸಿಗುತ್ತದೆ.

7.26 ಕೆ.ಜಿ. ಗುಂಡುಗಳನ್ನು ಕಡ್ಡಿಯ ಎರಡು ತುದಿಗೆ, ಉಂಡೆಯಿಂದ 10 ಸೆಂ.ಮೀ. ದೂರಕ್ಕೆ, ಎದುರು ಬದುರು ಬದಿಯಲ್ಲಿಟ್ಟು ಓದಿಕೊಳ್ಳಿ. ಬದಿ ಅದಲು ಬದಲು ಮಾಡಿ ಮತ್ತೆ ಓದಿ. 5 ಮೀಟರ್ ಆಚೆಯ ಗೋಡೆಯಲ್ಲಿ ಚುಕ್ಕೆ ಸುಮಾರು 44 ಮಿ.ಮೀ. ಸರಿಯಬೇಕು. 4 ಕೆ.ಜಿ. ಗುಂಡಿಗೆ 24 ಮಿ.ಮೀ. ಗುಂಡುಗಳ ಅನುಪಾತವೂ ಚುಕ್ಕೆಯ ಅನುಪಾತವೂ ಒಂದೇ, ಸುಮಾರು 0.55. ದ್ರವ್ಯರಾಶಿಯ ಮಾತು ಅಲ್ಲಿಗೆ ಮುಗಿಯಿತು.

ಇನ್ನು ದೂರ. ದೊಡ್ಡ ಗುಂಡನ್ನು 10ರಿಂದ 20 ಸೆಂ.ಮೀ.ಗೆ ಸರಿಸಿದರೆ 11 ಮಿ.ಮೀ. ನಿರೀಕ್ಷಿಸುತ್ತೀರಿ, ಬರುವುದು ಒಂಬತ್ತೂವರೆ. ತಪ್ಪು ವಿಲೋಮ ವರ್ಗದ (ದೂರ ದುಪ್ಪಟ್ಟಾದರೆ ಸೆಳೆತ ಕಾಲು ಪಾಲು ಎಂಬ) ನಿಯಮದ್ದಲ್ಲ. ಪ್ರತಿ ಗುಂಡೂ ಕಡ್ಡಿಯ ಆ ಕಡೆಯ ಉಂಡೆಯನ್ನೂ ಎಳೆಯುತ್ತದೆ, ಅದೂ ಉಲ್ಟಾ ತಿರುಗುವಂತೆ. 10 ಸೆಂ.ಮೀ.ನಲ್ಲಿ ಈ ಕಳವು ಶೇ. 3, 15ರಲ್ಲಿ ಶೇ. 9, 20ರಲ್ಲಿ ಶೇ. 17. ಇದನ್ನು ಸೇರಿಸಿಕೊಂಡರೆ ಲೆಕ್ಕ ತಾಳೆಯಾಗುತ್ತದೆ. ಇನ್ನೊಂದು ತಪ್ಪು ಇದಕ್ಕಿಂತ ಸಾಮಾನ್ಯ: ಗುಂಡಿನ ಮೇಲ್ಮೈಯಿಂದ ದೂರ ಅಳೆಯುವುದು. ಗುಂಡಿನ ತ್ರಿಜ್ಯವೇ 6 ಸೆಂ.ಮೀ. ಇರುವಾಗ ಅಷ್ಟು ಬಿಟ್ಟರೆ ಉತ್ತರ ಪೂರ್ತಿ ಕೆಟ್ಟಂತೆ.

ದ್ರವ್ಯರಾಶಿ, ದೂರಗಳಿಂದ ಸೆಳೆತವನ್ನು ಲೆಕ್ಕ ಹಾಕಲು ಬಳಸುವ ಗುರುತ್ವ ಸ್ಥಿರಾಂಕ ಬೇಕೆಂದರೆ 4 × ಪೈ ವರ್ಗ × ತೋಳಿನುದ್ದ (0.15 ಮೀ.) × ದೂರದ ವರ್ಗ × ತಿರುಗಿದ ಕೋನ, ಇದನ್ನು ಗುಂಡಿನ ದ್ರವ್ಯರಾಶಿ × ಅವಧಿಯ ವರ್ಗದಿಂದ ಭಾಗಿಸಿ, ಶೇ. 3ರ ಕಳವನ್ನು ಮರಳಿ ಕೂಡಿಸಿ. ಕನ್ನಡಿ ಕೋನವನ್ನು ಇಮ್ಮಡಿ ಮಾಡುತ್ತದೆ, ಬದಿ ಬದಲಿಸಿದ್ದು ಇನ್ನೊಮ್ಮೆ ಇಮ್ಮಡಿ. ಹಾಗಾಗಿ 44 ಮಿ.ಮೀ.ಯನ್ನು 5 ಮೀಟರಿನಿಂದ ಭಾಗಿಸಿ, ಮತ್ತೆ ನಾಲ್ಕರಿಂದ. ಸೂತ್ರದಲ್ಲಿ ಸೀಸದ ಉಂಡೆಯ ದ್ರವ್ಯರಾಶಿಯೇ ಇಲ್ಲ: ಉಂಡೆ ಭಾರವಾದಷ್ಟೂ ಸೆಳೆತ ಹೆಚ್ಚು, ಅದನ್ನು ಅಲುಗಿಸುವ ಕಷ್ಟವೂ ಅಷ್ಟೇ ಹೆಚ್ಚು.

ದೂರದ ನಿಯಮಕ್ಕೆ ಇದಕ್ಕಿಂತ ಚೊಕ್ಕ ಸಾಕ್ಷಿ ಚಂದ್ರ. ಅವನು ಸುಮಾರು 60 ಭೂತ್ರಿಜ್ಯ ದೂರದಲ್ಲಿದ್ದಾನೆ, ನೆಲದ ಮೇಲಿನ ಗುರುತ್ವ ವೇಗೋತ್ಕರ್ಷ 9.8ನ್ನು 60ರ ವರ್ಗ 3600ರಿಂದ ಭಾಗಿಸಿದರೆ 0.00272. ಇತ್ತ 3,84,400 ಕಿ.ಮೀ. ದೂರ, 27.32 ದಿನದ ಸುತ್ತು ಹಿಡಿದು ಅವನ ವೇಗೋತ್ಕರ್ಷ ಲೆಕ್ಕ ಹಾಕಿದರೂ ಸೆಕೆಂಡ್ ವರ್ಗಕ್ಕೆ 0.00272 ಮೀಟರ್.